ದಿನಾ ವಾಕಿಂಗ್ ಮಾಡಿದರೂ ತೂಕ ಏರುತ್ತಿದೆಯೇ? ಯಾವುದು ಮೊದಲು, ಯಾವುದು ಆಮೇಲೆ

"ಬೆಳಿಗ್ಗೆ ಐದೂವರೆಗೆ ಏಳುತ್ತೇನೆ, ಮುಕ್ಕಾಲು ಗಂಟೆ ನಡೆಯುತ್ತೇನೆ, ಭಾನುವಾರವೂ ಬಿಡಲ್ಲ. ಆದರೂ ವರ್ಷಕ್ಕೆ ಎರಡು ಕೆಜಿ ಏರುತ್ತಲೇ ಇದೆ." ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೀಗೆ ಹೇಳುವವರು ಮುಂದೆ ಮಾಡುವ ಕೆಲಸವೂ ಒಂದೇ. ಮುಕ್ಕಾಲು ಗಂಟೆಯನ್ನು ಒಂದೂಕಾಲು ಗಂಟೆ ಮಾಡುತ್ತಾರೆ. ಮೂರು ವಾರಕ್ಕೆ ಮಂಡಿ ನೋವು, ಇಲ್ಲವೇ ದಿನಾ ಆಫೀಸಿಗೆ ತಡ. ನಾಲ್ಕನೇ ವಾರಕ್ಕೆ ವಾಕಿಂಗೇ ನಿಂತಿರುತ್ತದೆ.

ಇಲ್ಲಿ ಕೆಡುತ್ತಿರುವುದು ಸರದಿ. ವ್ಯಾಯಾಮ ಹೆಚ್ಚಿಸುವುದು ಕೊನೆಗೆ ಮಾಡಬೇಕಾದ ಕೆಲಸ, ಅದನ್ನೇ ಮೊದಲು ಮಾಡುತ್ತಿದ್ದೇವೆ. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಒಂದೊಂದಕ್ಕೆ ಒಂದು ವಾರ, ಎರಡು ವಾರ ಕೊಡಿ. ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿದರೆ ಯಾವುದು ಕೆಲಸ ಮಾಡಿತು ಎಂದೇ ಗೊತ್ತಾಗುವುದಿಲ್ಲ.

ಈಗಿನ ವಾಕಿಂಗ್ ಮಾತ್ರ ಬಿಡಬೇಡಿ. ಬಿಪಿ, ಸಕ್ಕರೆ, ಹೃದಯ, ನಿದ್ದೆ ಎಲ್ಲಕ್ಕೂ ಅದು ಬೇಕು. ಅದೊಂದರಿಂದಲೇ ತೂಕ ಇಳಿಯುವುದು ಕಷ್ಟ, ಅಷ್ಟೇ.

ಬೇಕಾಗುವ ಸಾಮಾನು

ತೂಕದ ಯಂತ್ರ, ಟೈಲರ್ ಬಳಸುವ ಟೇಪು, ಒಂದು ಚಿಕ್ಕ ನೋಟ್‌ಬುಕ್, ಒಂದು ಮಾರ್ಕರ್ ಪೆನ್ನು, ಅಳತೆಯ ಟೀ ಚಮಚ, ಮುಚ್ಚಳ ಬಿಗಿಯಾಗಿರುವ ಎರಡು ಡಬ್ಬಿ. ಸ್ಮಾರ್ಟ್ ವಾಚ್ ಇದ್ದರೆ ಹೆಜ್ಜೆ ಎಣಿಸಲು ಬಳಸಿ. ಅದು ತೋರಿಸುವ "ಇಷ್ಟು ಕ್ಯಾಲೊರಿ ಕರಗಿತು" ಎಂಬ ಅಂಕಿಯನ್ನು ನಂಬಿ ತಿನ್ನಬೇಡಿ. ಅದು ಅಂದಾಜು, ಎಷ್ಟೋ ಸಲ ತೀರಾ ತಪ್ಪು ಅಂದಾಜು.

ಹಂತ 1: ಎರಡು ವಾರ ಏನೂ ಬದಲಿಸಬೇಡಿ, ಸುಮ್ನೆ ಅಳೆಯಿರಿ

ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ಗಟ್ಟಿ ನೆಲದ ಮೇಲೆ ಯಂತ್ರ ಇಟ್ಟು ತೂಕ ನೋಡಿ ಬರೆಯಿರಿ. ದಿನಾ ನೋಡಿ, ಆದರೆ ದಿನದ ಅಂಕಿಗೆ ಬೆಲೆ ಕೊಡಬೇಡಿ. ಏಳು ದಿನದ ಸರಾಸರಿ ತೆಗೆಯಿರಿ. ಮದುವೆ ಊಟ, ಉಪ್ಪಿನಕಾಯಿ, ಹಪ್ಪಳ ಆದ ಮಾರನೇ ದಿನ ಒಂದು ಕೆಜಿ ಏರಿದ್ದರೆ ಅದು ಹೆಚ್ಚಾಗಿ ನೀರು. ಹೆಂಗಸರಿಗೆ ಮುಟ್ಟಿಗೆ ಮುಂಚೆ ಒಂದೆರಡು ಕೆಜಿ ಏರಿ ಇಳಿಯುವುದು ಮಾಮೂಲಿ. ಹಾಗಾಗಿ ಅವರು ಈ ತಿಂಗಳ ಹತ್ತನೇ ದಿನವನ್ನು ಹೋದ ತಿಂಗಳ ಹತ್ತನೇ ದಿನದ ಜೊತೆ ಹೋಲಿಸಬೇಕು, ಮುಟ್ಟಿನ ಮೊದಲ ದಿನದಿಂದ ಎಣಿಸಿ.

ಹೊಸದಾಗಿ ಜಿಮ್ ಸೇರಿದವರಿಗೆ ಇನ್ನೊಂದು ಮಾತು. ಮೊದಲ ಎರಡು ಮೂರು ವಾರ ತೂಕ ಏರುವುದುಂಟು. ನೋಯುವ ಸ್ನಾಯು ನೀರು ಹಿಡಿದಿಡುತ್ತದೆ. ಸ್ನಾಯುವಿನಲ್ಲಿ ಕೂಡಿಡುವ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ರೂಪ) ಜೊತೆಗೆ ಸುಮಾರು 3 ಗ್ರಾಂ ನೀರೂ ಸೇರುತ್ತದೆ. ಅದು ಬೊಜ್ಜಲ್ಲ.

ಇದಕ್ಕೇ ಟೇಪು ಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಟೇಪು ಸುತ್ತಿ, ಉಸಿರು ಬಿಟ್ಟಾಗ ಓದಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ನಿಮಗೇ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಮೀ, ಹೆಂಗಸರಲ್ಲಿ 80 ಸೆಂಮೀ ದಾಟಿದರೆ ಎಚ್ಚರ. ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) ಲೆಕ್ಕದಲ್ಲೂ ನಮಗೆ 23ಕ್ಕೇ ತೂಕ ಜಾಸ್ತಿ, 25ಕ್ಕೆ ಬೊಜ್ಜು. ಇಂಟರ್‌ನೆಟ್ಟಿನಲ್ಲಿ ಕಾಣುವ 25 ಮತ್ತು 30 ಬೇರೆಯವರ ಅಳತೆ. ಟೇಪು ಇಲ್ಲವೇ? ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಿಸಿ, ಸೊಂಟಕ್ಕೆ ಸುತ್ತಿ. ತುದಿ ಕೂಡದಿದ್ದರೆ ಸೊಂಟ ಬೆಳೆದಿದೆ. ಉಡಿದಾರ ಕಟ್ಟುವವರಿಗೆ ಇಷ್ಟೂ ಬೇಡ, ಅದು ಚರ್ಮಕ್ಕೆ ಕಚ್ಚತೊಡಗಿದಾಗಲೇ ಸುದ್ದಿ ಮುಟ್ಟಿರುತ್ತದೆ.

ಇದೇ ಎರಡು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಬರೆಯಿರಿ. ತೂಗುವುದು ಬೇಡ. ಏನು, ಎಷ್ಟು ಹೊತ್ತಿಗೆ, ಎಲ್ಲಿ, ಇಷ್ಟು ಸಾಕು. ಮಗುವಿನ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ಮೀಟಿಂಗಿನ ಬಿಸ್ಕತ್ತು, ಅಡುಗೆ ಮಾಡುವಾಗ ಬಾಯಾಡಿಸಿದ ಕಡಲೆಕಾಯಿ ಬೀಜ, ದೇವಸ್ಥಾನದ ಪ್ರಸಾದ ಎಲ್ಲ ಬರಲಿ. ಇದರಲ್ಲಿ ಜನ ಎಡವುವುದು ಒಂದೇ ಕಡೆ: ಬರೆಯಲು ನಾಚಿಕೆಯಾಗಿ ಆ ಎರಡು ವಾರ ಮಾತ್ರ ಒಳ್ಳೆಯವರಾಗಿಬಿಡುತ್ತಾರೆ!

ಹಂತ 2: ಡಾಕ್ಟರ ಹತ್ತಿರ ಹೋಗಬೇಕಾದವರು ಇಲ್ಲೇ ನಿಲ್ಲಿ

ಇದನ್ನು ಕೊನೆಗೆ ಹಾಕುವುದು ರೂಢಿ. ನಾನು ಬೇಕೆಂದೇ ಮುಂದೆ ತಂದಿದ್ದೇನೆ.

ಕೆಲವೇ ದಿನದಲ್ಲಿ ಎರಡು ಕೆಜಿ ಏರಿ, ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅದು ಊಟದ ವಿಷಯವಲ್ಲ. ಹೃದಯ, ಕಿಡ್ನಿ ನೋಡಿಸಬೇಕು, ಅದೂ ಅವತ್ತೇ. ಮುಖ ದುಂಡಗಾಗಿ, ಕೈಕಾಲು ಸಣ್ಣಗಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು ಮೂಡಿದ್ದರೆ ಹಾರ್ಮೋನ್ ಪರೀಕ್ಷೆ ಬೇಕು. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು ಇದ್ದರೆ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು) ಇರಬಹುದು. ಜೋರಾಗಿ ಗೊರಕೆ ಹೊಡೆದು, ಹಗಲಲ್ಲಿ ತೂಕಡಿಸುವವರು ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದೆಯೇ ಎಂದು ನೋಡಿಸಿಕೊಳ್ಳಿ.

ತುಂಬಾ ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಒಣ ಚರ್ಮ ಇದ್ದರೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಆದರೆ ಥೈರಾಯ್ಡ್ ಕಮ್ಮಿಯಾಗಿ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆಜಿ, ಅದರಲ್ಲೂ ಬಹಳಷ್ಟು ಉಪ್ಪು ಮತ್ತು ನೀರು. ಹದಿನೈದು ಕೆಜಿಯನ್ನು ಥೈರಾಯ್ಡ್ ತಲೆಗೆ ಕಟ್ಟಿದರೆ ಮಾತ್ರೆ ನುಂಗಿದ ಮೇಲೂ ಅದು ಹಾಗೇ ಇರುತ್ತದೆ.

ಮಾತ್ರೆ ಚೀಟಿಯನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ಸ್ಟಿರಾಯ್ಡ್, ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್, ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್, ಮಾನಸಿಕ ಕಾಯಿಲೆಗೆ ಕೊಡುವ ಓಲಾನ್ಜಪೈನ್, ಮಿರ್ಟಜಪೈನ್ ತೂಕ ಏರಿಸಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ. ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಊಟ ಕಮ್ಮಿ ಮಾಡುವ ಮುಂಚೆ ಡೋಸ್ ಬಗ್ಗೆ ಮಾತಾಡಲೇಬೇಕು. ಇಲ್ಲದಿದ್ದರೆ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ.

ಹಂತ 3: ವಾಕಿಂಗ್ ಮುಗಿದ ಮೇಲಿನ ಒಂದು ಗಂಟೆ ಕಾಯಿರಿ

70 ಕೆಜಿ ತೂಕದವರು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ, ಸುಮ್ಮನೆ ಕೂತಿದ್ದಕ್ಕಿಂತ ಸುಮಾರು 150 ಕ್ಯಾಲೊರಿ ಹೆಚ್ಚು ಖರ್ಚಾಗುತ್ತದೆ. ಈಗ ಲಾಲ್‌ಬಾಗಿನ ಗೇಟಿನಿಂದ ಹೊರಗೆ ಬನ್ನಿ. ಅಥವಾ ಕುಕ್ಕರಹಳ್ಳಿ ಕೆರೆಯ ಸುತ್ತು ಮುಗಿಸಿ ಗೆಳೆಯರ ಜೊತೆ ದರ್ಶಿನಿಗೆ ಹೋಗಿ. ಒಂದು ಮಸಾಲೆ ದೋಸೆ 300 ಕ್ಯಾಲೊರಿ ಸುಲಭವಾಗಿ ದಾಟುತ್ತದೆ, ಮೇಲೆ ಬೆಣ್ಣೆ ಕರಗಿದ್ದರೆ ಇನ್ನೂ ಜಾಸ್ತಿ. ಜೊತೆಗೆ ಕಾಫಿ. ನಡೆದದ್ದರ ಎರಡರಷ್ಟು ಒಳಗೆ ಹೋಯಿತು ಅಲ್ವಾ?

ಗುಂಪು ಬಿಡಬೇಡಿ. ಗುಂಪಿಲ್ಲದಿದ್ದರೆ ವಾಕಿಂಗೂ ಇರಲ್ಲ. ಆರ್ಡರ್ ಬದಲಿಸಿ. ವಾರದಲ್ಲಿ ಒಂದು ದಿನ ದೋಸೆ, ಉಳಿದ ದಿನ ಬೈ ಟು ಕಾಫಿ ಮಾತ್ರ, ತಿಂಡಿ ಮನೆಯಲ್ಲಿ. ಹೋಟೆಲಿನಲ್ಲೇ ತಿನ್ನಬೇಕಾದರೆ ಎರಡು ಇಡ್ಲಿ, ಚಟ್ನಿ ಬೇರೆ ಬಟ್ಟಲಿನಲ್ಲಿ, ವಡೆ ಬೇಡ. ಇಡ್ಲಿ-ವಡೆಯಲ್ಲಿ ಇಡ್ಲಿ ನಿರಪರಾಧಿ.

ಕಾಫಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ಇಲ್ಲಿಗೇ ಓದುವುದು ನಿಲ್ಲಿಸುತ್ತೀರಿ. ಸಕ್ಕರೆ ನೋಡಿ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ 30 ಗ್ರಾಂ ಸಕ್ಕರೆ, 120 ಕ್ಯಾಲೊರಿ. ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತಾ ಬನ್ನಿ, ನಾಲಿಗೆಗೆ ಗೊತ್ತಾಗುವುದಿಲ್ಲ. ಬೆಲ್ಲ, ಜೇನು ಹಾಕಿಕೊಂಡು "ಸಕ್ಕರೆ ಬಿಟ್ಟೆ" ಎನ್ನುವುದು ಲೆಕ್ಕಕ್ಕೆ ಬರಲ್ಲ.

ಹಂತ 4: ಎಣ್ಣೆ ಪ್ಯಾಕೆಟ್ಟಿನ ಮೇಲೆ ತಾರೀಖು ಬರೆಯಿರಿ

ಈ ಇಡೀ ಬರಹದಲ್ಲಿ ಒಂದೇ ಹಂತ ಮಾಡುವಷ್ಟು ಪುರುಸೊತ್ತು ಇದ್ದರೆ ಇದನ್ನು ಮಾಡಿ.

ಹೊಸ ಎಣ್ಣೆ ಪ್ಯಾಕೆಟ್ ಒಡೆದ ದಿನ ಮಾರ್ಕರಿನಿಂದ ತಾರೀಖು ಬರೆಯಿರಿ. ತುಪ್ಪದ ಬಾಟಲಿಗೂ ಬರೆಯಿರಿ. ತಿಂಗಳ ಕೊನೆಗೆ ಎಷ್ಟು ಲೀಟರ್ ಆಯಿತು ನೋಡಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಂದು ಇಟ್ಟುಕೊಂಡರೆ ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕೆಜಿ, ಅಂದರೆ ಸುಮಾರು 3.3 ಲೀಟರ್. ಆರು ಲೀಟರ್ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ 45 ಗ್ರಾಂ. ಹೆಚ್ಚಿನ 20 ಗ್ರಾಂ ಅಂದರೆ 180 ಕ್ಯಾಲೊರಿ. ನಿಮ್ಮ ಬೆಳಗಿನ ಇಡೀ ವಾಕಿಂಗ್ ಅದೊಂದರಲ್ಲೇ ಮುಳುಗಿತು. ನಮ್ಮ ಮನೆಯಲ್ಲಿ ಮೂರು ಲೀಟರ್ ಇರಬಹುದು ಎಂದುಕೊಂಡಿದ್ದೆವು. ಬರೆದು ನೋಡಿದಾಗ ಐದು ದಾಟಿತ್ತು. ಹಬ್ಬವೂ ಇರಲಿಲ್ಲ ಆ ತಿಂಗಳು.

ಇಳಿಸುವ ಕ್ರಮ ಹೀಗೆ. ಮೊದಲು ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿ, ಚಮಚದಲ್ಲಿ ಅಳೆದು ಹಾಕಿ. ಇದರಿಂದಲೇ ಗಮನಿಸುವಷ್ಟು ಕಮ್ಮಿಯಾಗುತ್ತದೆ. ಆಮೇಲೆ ಒಗ್ಗರಣೆಗೆ ಬನ್ನಿ. ನಾಲ್ಕು ಜನರ ಸಾರಿಗೆ ಒಂದು ಟೀ ಚಮಚ ಸಾಕು, ಸಾಸಿವೆ ಚಟಪಟ ಅನ್ನಲು ಎಣ್ಣೆಯ ಮಡುವು ಬೇಡ. ಪಲ್ಯವನ್ನು ಮುಚ್ಚಳ ಮುಚ್ಚಿ, ನೀರು ಚಿಮುಕಿಸಿ ಬೇಯಿಸಿ. ಉಪ್ಪಿಟ್ಟಿನ ರವೆಯನ್ನು ಬೇರೆಯಾಗಿ ಒಣಗೇ ಹುರಿದಿಟ್ಟರೆ ಎಣ್ಣೆ ಅರ್ಧ ಸಾಕು. ಚಿತ್ರಾನ್ನ, ಪುಳಿಯೋಗರೆ, ವಾಂಗಿಭಾತ್ ಮೂರೂ ಒಂದೇ ವಾರ ಡಬ್ಬಿಗೆ ಹೋಗದಂತೆ ನೋಡಿಕೊಳ್ಳಿ.

ಆಲಿವ್ ಎಣ್ಣೆಯೋ, ಗಾಣದ ಎಣ್ಣೆಯೋ, ನಾಟಿ ತುಪ್ಪವೋ ಏನೇ ಇರಲಿ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಗಾಣದ ಎಣ್ಣೆ ಎಂದು ಎರಡು ಚಮಚ ಜಾಸ್ತಿ ಹಾಕುವವರನ್ನು ನೋಡಿದ್ದೇನೆ.

ಹಂತ 5: ಸಂಜೆ ಆರರ ಹಸಿವಿಗೆ ಡಬ್ಬಿ

ಬಿಡುವಿಲ್ಲದವರ ದಿನ ಕೆಡುವುದು ಸಂಜೆ ಐದೂವರೆಯಿಂದ ಏಳರ ನಡುವೆ. ನಿಮ್ಮ ನೋಟ್‌ಬುಕ್ ತೆಗೆದು ನೋಡಿ, ನಾನು ಹೇಳಿದ್ದು ಸುಳ್ಳಾದರೆ ಈ ಹಂತ ಬಿಡಿ. ಮಧ್ಯಾಹ್ನ ಒಂದಕ್ಕೆ ಉಂಡಿದ್ದು, ರಾತ್ರಿ ಊಟ ಹತ್ತಕ್ಕೆ. ನಡುವೆ ಟ್ರಾಫಿಕ್. ಆಫೀಸ್ ಕೆಳಗೆ ಬಜ್ಜಿ, ಖಾರಾ ಬನ್ನು, ಡ್ರಾಯರಿನಲ್ಲಿ ಕಾಂಗ್ರೆಸ್ ಕಡಲೆಕಾಯಿ. ಕಡಲೆಕಾಯಿ ಒಳ್ಳೆಯದೇ, ಆದರೆ 100 ಗ್ರಾಂಗೆ 560ಕ್ಕೂ ಹೆಚ್ಚು ಕ್ಯಾಲೊರಿ. ಕೆಲಸ ಮಾಡುತ್ತಾ ಮೆಲ್ಲಿದರೆ ಪ್ಯಾಕೆಟ್ಟಿನ ತಳ ಯಾವಾಗ ಬಂತೋ ತಿಳಿಯುವುದಿಲ್ಲ.

ಪ್ಯಾಕೆಟ್ ತಿಂಡಿಯ ಗುಣವೇ ಅದು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಒಳಗೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟು ನೋಡಿತು. ಎಷ್ಟು ಬೇಕಾದರೂ ತಿನ್ನಿ ಎಂದಿದ್ದರು. ಕಾರ್ಖಾನೆ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು.

ಆದ್ದರಿಂದ ಮಧ್ಯಾಹ್ನದ ಊಟದ ಡಬ್ಬಿಯ ಜೊತೆಗೆ ಎರಡನೇ ಡಬ್ಬಿ. ಹಿಂದಿನ ರಾತ್ರಿ ನೆನೆಸಿದ ಕಡಲೆಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ, ಒಂದು ಸೀಬೆಹಣ್ಣು, ಎರಡು ಬೇಯಿಸಿದ ಮೊಟ್ಟೆ, ಇವುಗಳಲ್ಲಿ ಯಾವುದಾದರೂ ಒಂದು. ಜೊತೆಗೆ ನೀರು ಮಜ್ಜಿಗೆ. ಐದೂವರೆಗೆ ಮೊಬೈಲಿನಲ್ಲಿ ಅಲಾರಂ ಇಡಿ. ಹಸಿವಾದ ಮೇಲೆ ತಿನ್ನೋಣ ಎಂದರೆ ಅಷ್ಟರಲ್ಲಿ ಬಜ್ಜಿ ಗೆದ್ದಿರುತ್ತದೆ.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಡಬ್ಬಿಯೂ ಖಾಲಿ, ರಾತ್ರಿ ಊಟವೂ ಹಳೆಯ ಅಳತೆಯೇ. ಸಂಜೆ ತಿಂದ ದಿನ ರಾತ್ರಿ ಅನ್ನ ಅಥವಾ ಚಪಾತಿ ಅರ್ಧಕ್ಕೆ ಇಳಿಯಬೇಕು. ಶನಿವಾರದ ಒಪ್ಪೊತ್ತೂ ಹೀಗೇ. ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು, ಮೇಲೆ ಬಾಳೆಹಣ್ಣಿನ ರಸಾಯನ. ದೇವರು ಮೆಚ್ಚಬಹುದು, ತೂಕದ ಯಂತ್ರ ಮೆಚ್ಚುವುದಿಲ್ಲ.

ಹಂತ 6: ತಟ್ಟೆಯಲ್ಲಿ ಬಡಿಸುವ ಕ್ರಮ

ಮೊದಲು ಪಲ್ಯ, ಕೋಸಂಬರಿ. ಆಮೇಲೆ ಕಾಳು, ಗಟ್ಟಿ ಬೇಳೆ, ಮೊಟ್ಟೆ ಅಥವಾ ಮೀನು. ಅನ್ನ, ಮುದ್ದೆ, ರೊಟ್ಟಿ ಕೊನೆಗೆ. ನಮ್ಮಲ್ಲಿ ಅನ್ನದ ಗುಡ್ಡೆ ಮೊದಲು ಬಿದ್ದು, ಉಳಿದದ್ದು ಅದರ ಅಂಚಿಗೆ ನೆಂಚಿಕೊಳ್ಳಲು ಬರುತ್ತದೆ.

ಪ್ರೋಟೀನ್ ಕಮ್ಮಿಯಾದರೆ ಹಸಿವು ಬೇಗ ಬರುತ್ತದೆ, ತೂಕ ಇಳಿಯುವಾಗ ಸ್ನಾಯುವೂ ಕರಗುತ್ತದೆ. 70 ಕೆಜಿ ಇರುವವರಿಗೆ ದಿನಕ್ಕೆ ಕನಿಷ್ಠ 58 ಗ್ರಾಂ, ತೂಕ ಇಳಿಸುವಾಗ 75ರ ಹತ್ತಿರ ಇದ್ದರೆ ಒಳ್ಳೆಯದು. ತಿಳಿಸಾರಿನಿಂದ ಇದು ಬರುವುದಿಲ್ಲ, ಅದರಲ್ಲಿ ಬೇಳೆಯನ್ನು ಹುಡುಕಬೇಕು. 30 ಗ್ರಾಂ ಒಣ ಬೇಳೆಯಲ್ಲಿ 7 ಗ್ರಾಂ, ಒಂದು ಮೊಟ್ಟೆಯಲ್ಲಿ 6, ದೊಡ್ಡ ಬಟ್ಟಲು ಮೊಸರಿನಲ್ಲಿ 6, 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15 ಗ್ರಾಂ. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯ ಎರಡು ಸೌಟು ಹಾಕಿಕೊಳ್ಳಿ, ಅನ್ನ ಒಂದು ಸೌಟು ಬಿಡಿ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಿ.

ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಅರ್ಧ ನಿಜ. ಅಕ್ಕಿಗೂ ರಾಗಿಗೂ 100 ಗ್ರಾಂ ಹಿಟ್ಟಿನ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ಒಂದು ಮುದ್ದೆ ಉಂಡು ಮೇಲೆ "ಸ್ವಲ್ಪ ಅನ್ನ" ಎಂದರೆ ಆ ಲಾಭವೂ ಹೋಯಿತು.

ಹಂತ 7: ಕೂತ ಗಂಟೆಗಳನ್ನು ಒಡೆಯಿರಿ

ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದು, ಆಮೇಲೆ ಹನ್ನೊಂದು ಗಂಟೆ ಕುರ್ಚಿ, ಕಾರು, ಸೋಫಾ. ಬಹಳ ಜನರ ದಿನ ಇದು. ಜೋರು ವ್ಯಾಯಾಮ ಮಾಡಿದ ದಿನ ನಮಗೇ ಗೊತ್ತಿಲ್ಲದೆ ಲಿಫ್ಟ್ ಹತ್ತುತ್ತೇವೆ, ನೀರನ್ನೂ ಮಕ್ಕಳ ಕೈಲಿ ತರಿಸುತ್ತೇವೆ.

ಮೇಜಿನ ಮೇಲೆ ಅರ್ಧ ಲೀಟರ್ ಬಾಟಲಿ ಮಾತ್ರ ಇಡಿ, ತುಂಬಿಸಲು ಏಳಲೇಬೇಕಾಗುತ್ತದೆ. ಫೋನಿನಲ್ಲಿ ಮಾತಾಡುವಾಗ ನಡೆಯಿರಿ. ಊಟವಾದ ಮೇಲೆ ಹತ್ತು ನಿಮಿಷ ನಿಧಾನವಾಗಿ ಅಡ್ಡಾಡಿದರೆ ಊಟದ ನಂತರದ ಸಕ್ಕರೆ ಏರುವುದೂ ಕಮ್ಮಿಯಾಗುತ್ತದೆ. ಬಸ್ಸಿನವರು ಒಂದು ಸ್ಟಾಪ್ ಮೊದಲೇ ಇಳಿಯಬಹುದು, ಫುಟ್‌ಪಾತ್ ಇದ್ದರೆ! ಈಗ ಎಷ್ಟು ಹೆಜ್ಜೆ ಆಗುತ್ತಿದೆಯೋ ಅದಕ್ಕೆ 2,000 ಸೇರಿಸಿ. ಹತ್ತು ಸಾವಿರ ಎಂಬ ಗುರಿಗೆ ಮಂತ್ರಶಕ್ತಿಯೇನೂ ಇಲ್ಲ.

ಹಂತ 8: ಈಗ ವ್ಯಾಯಾಮಕ್ಕೆ ಬನ್ನಿ

ಸಮಯ ಹೆಚ್ಚಿಸಬೇಡಿ, ಬಗೆ ಬದಲಿಸಿ. ವಾರದ ಆರು ವಾಕಿಂಗಿನಲ್ಲಿ ಎರಡನ್ನು ತೆಗೆದು ಶಕ್ತಿ ವ್ಯಾಯಾಮ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ.

ಗರಡಿ ಮನೆಯ ಬಸ್ಕಿ, ದಂಡವೇ ಸಾಕು. ಶುರುವಿನಲ್ಲಿ ಕುರ್ಚಿಯ ಮೇಲೆ ಕೂತು ಏಳುವುದು, ಗೋಡೆಗೆ ಕೈ ಕೊಟ್ಟು ದಂಡ, ಮೆಟ್ಟಿಲು ಹತ್ತಿ ಇಳಿಯುವುದು, ಎರಡು ಲೀಟರ್ ನೀರಿನ ಬಾಟಲಿ ಎತ್ತುವುದು. ಒಂದೊಂದೂ ಹತ್ತು ಸಲ, ಮೂರು ಸುತ್ತು, 25 ನಿಮಿಷ. ಹದಿನೈದು ಸಲ ಸುಲಭವಾದಾಗ ಕಷ್ಟದ ಬಗೆಗೆ ಹೋಗಿ. ಮಾರನೇ ದಿನದ ಸ್ನಾಯು ನೋವು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು ಬಂದರೆ ತಕ್ಷಣ ನಿಲ್ಲಿಸಿ. ಎದೆಯದ್ದಾದರೆ ಆಸ್ಪತ್ರೆಗೆ ಹೋಗಿ, ಗ್ಯಾಸ್ ಮಾತ್ರೆಗಲ್ಲ.

"ನಲವತ್ತಾಯಿತು, ಮೆಟಬಾಲಿಸಂ ನಿಂತುಹೋಯಿತು" ಎನ್ನುವವರಿಗೆ ಒಂದು ಸುದ್ದಿ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆ ಸೇರಿಸಿ 2021ರಲ್ಲಿ ಬಂದ ಅಧ್ಯಯನದ ಪ್ರಕಾರ, ಮೈಯ ಗಾತ್ರ ಮತ್ತು ಸ್ನಾಯುವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರವರೆಗೆ ಶಕ್ತಿಯ ಖರ್ಚು ಹೆಚ್ಚುಕಮ್ಮಿ ಒಂದೇ. ಈ ನಡುವೆ ಕಮ್ಮಿಯಾಗುವುದು ಸ್ನಾಯು ಮತ್ತು ಓಡಾಟ. ಎರಡನ್ನೂ ವಾಪಸ್ ತರಬಹುದು.

ಹಂತ 9: ನಿದ್ದೆ

ಐದೂವರೆಗೆ ಏಳಲೇಬೇಕಾದರೆ ಹತ್ತೂವರೆಗೆ ಮಲಗಿ. ನಿದ್ದೆ ಕೆಟ್ಟ ಮಾರನೇ ದಿನ ಹಸಿವೂ ಜಾಸ್ತಿ, ಕೈ ಹೋಗುವುದೂ ಸಿಹಿ, ಕರಿದದ್ದರ ಕಡೆಗೇ. ಒಂದೂವರೆಗೆ ಮಲಗಿ ಐದೂವರೆಗೆ ಎದ್ದು ಓಡುವ ಹುಡುಗರು ಆ ದಿನ ನಿದ್ದೆ ಮಾಡಿದ್ದರೇ ಲಾಭವಿತ್ತು.

ಹಂತ 10: ಇಳಿಯುತ್ತಿದ್ದದ್ದು ನಿಂತಾಗ

ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು. ತುಂಬಾ ಬೇಗ ಇಳಿಸಿದರೆ ಕೂದಲು ಉದುರುವುದು, ಪಿತ್ತಕೋಶದಲ್ಲಿ ಕಲ್ಲು ಬರುವುದು ಉಂಟು. ಪೌಡರ್, ಕಷಾಯ, "ಹತ್ತು ದಿನಕ್ಕೆ ಐದು ಕೆಜಿ" ಎನ್ನುವ ಮಾತ್ರೆಗಳ ಹತ್ತಿರ ಹೋಗಬೇಡಿ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಚುಚ್ಚುಮದ್ದು ನಿಜವಾದ ಔಷಧಿಯೇ, ಆದರೆ ಡಾಕ್ಟರ್ ಬರೆದುಕೊಟ್ಟು, ಡಾಕ್ಟರ್ ನೋಡಿಕೊಳ್ಳುತ್ತಿದ್ದರೆ ಮಾತ್ರ. ಗೆಳೆಯರಿಂದ ತರಿಸಿಕೊಳ್ಳುವ ವಸ್ತುವಲ್ಲ.

ಮೂರು ವಾರ ಸರಾಸರಿ ತೂಕವೂ ಸೊಂಟವೂ ಕದಲದಿದ್ದರೆ ಹೊಸ ಡಯಟ್ ಹುಡುಕಬೇಡಿ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ಏನೂ ಮಾಡಬೇಡಿ, ಸರಿಯಾಗಿಯೇ ಇದೆ. ಎರಡೂ ನಿಂತಿದ್ದರೆ ನೋಟ್‌ಬುಕ್ ಮತ್ತೆ ಒಂದು ವಾರ ತೆಗೆಯಿರಿ. ನಾನು ಕಂಡಂತೆ ಮೊದಲು ವಾಪಸ್ ಬರುವುದು ಎಣ್ಣೆ, ಆಮೇಲೆ ವಾರಾಂತ್ಯದ ಹೋಟೆಲ್ ಊಟ. ಅಡುಗೆಮನೆಗೆ ಹೋಗಿ ಪ್ಯಾಕೆಟ್ ತಿರುಗಿಸಿ ನೋಡಿ. ಅದರ ಮೇಲೆ ತಾರೀಖು ಇರುವುದಿಲ್ಲ.